ಗಾಲಿ ಒಳಗೆ ಹೋಗುವ ಹೊತ್ತು

ವಿಮಾನದ ಫೋಟೋ ತೆಗೆಯುವುದರ ಮೊದಲ ಪಾಠವನ್ನು ನಾನು ಕಲಿತದ್ದು ಅಥಣಿ, ಕಾಗವಾಡ ಕಡೆಯ ಎತ್ತಿನ ಗಾಡಿ ಓಟದ ಶರ್ಯತ್ತುಗಳಲ್ಲಿ. ಕಲಿತದ್ದು ತಪ್ಪು ಪಾಠ ಎಂದು ಗೊತ್ತಾಗಲು ಯಲಹಂಕದವರೆಗೆ ಹೋಗಬೇಕಾಯಿತು.

ಚಿಕ್ಕೋಡಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಪಾಸ್‌ಪೋರ್ಟ್ ಸೈಜಿನ ಸಿಟ್ಟುಮುಖಗಳು, ಇವೇ ನನ್ನ ಅನ್ನ. ಲಗ್ನದ ಸುಗ್ಗಿ ಮುಗಿದ ಮೇಲೆ ಶರ್ಯತ್ತುಗಳಿಗೆ ಹೋಗುತ್ತಿದ್ದೆ. ಆಗಿನ್ನೂ ರೀಲಿನ ಕಾಲ. ಗೆಳೆಯನೊಬ್ಬ ಮೋಟರ್ ಸೈಕಲ್ ಓಡಿಸುತ್ತಿದ್ದ, ನಾನು ಅವನ ಬೆನ್ನಿಗೆ ಬೆನ್ನು ಹಚ್ಚಿ ಹಿಂದುಮುಂದಾಗಿ ಕೂತು, ಅಟ್ಟಿಸಿಕೊಂಡು ಬರುವ ಎತ್ತುಗಳ ಮುಖಕ್ಕೆ ಕ್ಯಾಮೆರಾ ಹಿಡಿಯುತ್ತಿದ್ದೆ. ಮನೆಗೆ ಬಂದಾಗ ಕಣ್ಣಿನ ರೆಪ್ಪೆ ಬಿಟ್ಟರೆ ಉಳಿದದ್ದೆಲ್ಲ ಮಣ್ಣು. ಅವ್ವ ನನ್ನನ್ನು ಹಿತ್ತಲ ಬಾಗಿಲಿನಿಂದಲೇ ಒಳಗೆ ಬಿಡುತ್ತಿದ್ದಳು. ಈಗ ಅದೇ ಕೆಲಸವನ್ನು ಡ್ರೋನು ಮಾಡುತ್ತದೆ, ಮೈಗೆ ಧೂಳೂ ಹತ್ತುವುದಿಲ್ಲ. ಅದಕ್ಕೇ ಅದು ತೆಗೆದ ಫೋಟೋದಲ್ಲಿ ಧೂಳಿನ ರುಚಿಯೂ ಇರುವುದಿಲ್ಲ ಎಂದು ನಾನು ಹೇಳಿದರೆ ಹುಡುಗರು ನಗುತ್ತಾರೆ. ನಗಲಿ.

ಎತ್ತಿನ ಮಾಲಕರಿಗೆ ಒಂದೇ ಒಂದು ಹಟ. ಎತ್ತಿನ ನಾಲ್ಕೂ ಕಾಲು ನೆಲ ಬಿಟ್ಟಿರಬೇಕು. ಒಂದು ಗೊರಸು ನೆಲಕ್ಕೆ ತಾಗಿದ್ದರೂ ಆ ಫೋಟೋ ಬ್ಯಾನರಿಗೆ ಬರುವುದಿಲ್ಲ. ನನ್ನ ಎತ್ತೇನು ಹೊಲಕ್ಕೆ ಹೊರಟಿದೆಯೇ ಎಂದು ಕೇಳುತ್ತಿದ್ದರು. ಹೀಗಾಗಿ ಕ್ಯಾಮೆರಾದ ಶಟರು ಎಷ್ಟು ಜೋರಾಗಿ ಬಡಿಯಬಲ್ಲದೋ ಅಷ್ಟಕ್ಕೆ ಇಟ್ಟುಬಿಡುವುದು ನನಗೆ ರೂಢಿಯಾಯಿತು. ಎತ್ತು, ಬಂಡಿ, ಚಾಬೂಕು, ಹಾರಿದ ಮಣ್ಣಿನ ಹೆಂಟೆ, ಎಲ್ಲವೂ ಗಾಳಿಯಲ್ಲಿ ಹಾಗೇ ನಿಂತಿರಬೇಕು. ಈ ಕಲೆಯಲ್ಲಿ ನನ್ನಷ್ಟು ಕೈ ಪಳಗಿದವನು ಈ ಐದು ತಾಲೂಕಿನಲ್ಲಿ ಇಲ್ಲ ಎಂಬ ಸೊಕ್ಕೂ ಬಂದಿತ್ತು.

ಅಂಥವನಿಗೆ ವಿಮಾನದ ಹುಚ್ಚು ಹಿಡಿಸಿದವರು ನನ್ನ ಮಾಮಾ, ಅವ್ವನ ತಮ್ಮ. ಊರು ಸದಲಗಾ. ಹದಿಹರೆಯದಲ್ಲೇ ವಾಯುಸೇನೆಗೆ ಸೇರಿದರು. ರಜೆಗೆ ಬರುವಾಗ ಕೊಲ್ಲಾಪುರದ ಬಸ್ಸಿನಿಂದ ಕರಿ ಟ್ರಂಕು ಇಳಿಸಿಕೊಂಡು ನಿಲ್ಲುತ್ತಿದ್ದರು. ಕೈಗಡಿಯಾರವನ್ನು ಮುಂಗೈಯ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ನಾನೂ ಗಡಿಯಾರವಿಲ್ಲದ ಕೈಗೆ ದಾರ ಕಟ್ಟಿಕೊಂಡು, ಹಾಗೇ ಮುಂಗೈ ತಿರುಗಿಸಿ ಹೊತ್ತು ನೋಡುತ್ತಿದ್ದೆ. ಊರವರೆಲ್ಲ ಮಾಮಾ ವಿಮಾನ ಹಾರಿಸುತ್ತಾರೆ ಎಂದೇ ನಂಬಿದ್ದರು. ಇಲ್ಲ, ನಾನು ವಿಮಾನದ ಗಾಲಿ, ಬ್ರೇಕು ನೋಡಿಕೊಳ್ಳುವವನು ಎಂದು ಅವರು ಪ್ರತಿ ಸಲವೂ ತಿದ್ದುತ್ತಿದ್ದರು. ಹಾಗಾದರೆ ಪಂಕ್ಚರ್ ತೆಗೆಯುವವನು ಅನ್ನು ಎಂದು ಕಟ್ಟೆಯ ಮೇಲಿನವರು ಕಾಡಿಸಿದರೆ ಮಾಮಾ ಅವರಿಗಿಂತ ಜೋರಾಗಿ ನಗುತ್ತಿದ್ದರು.

ಬೇಸಿಗೆ ರಜೆಗೆ ನಾನು ಸದಲಗಾಕ್ಕೆ ಹೋದಾಗ ದೂಧಗಂಗೆಯ ದಂಡೆಯ ಹಸಿ ಮರಳಿನ ಮೇಲೆ ಕಡ್ಡಿಯಿಂದ ವಿಮಾನದ ಹೊಟ್ಟೆ ಬರೆದು ತೋರಿಸುತ್ತಿದ್ದರು. ನೆಲ ಬಿಟ್ಟ ಕೂಡಲೇ ಗಾಲಿ ಹೇಗೆ ಮಡಚುತ್ತದೆ, ಹೇಗೆ ಒಳಗೆ ಸರಿಯುತ್ತದೆ, ಅದರ ಮೇಲೆ ಬಾಗಿಲು ಹೇಗೆ ಮುಚ್ಚುತ್ತದೆ ಎಂದು ಕೈಯಿಂದ ಮಾಡಿ ತೋರಿಸುತ್ತಿದ್ದರು. ಅವರ ಅಂಗೈ ಗಾಲಿ, ಬೆರಳು ಬಾಗಿಲು. ಎಮ್ಮೆ ತೊಳೆಯಲು ಬಂದವರೂ ನಿಂತು ನೋಡುತ್ತಿದ್ದರು. ಅಷ್ಟು ಖುಷಿಯಿಂದ ತನ್ನ ಕೆಲಸದ ಮಾತಾಡುವ ಇನ್ನೊಬ್ಬ ಮನುಷ್ಯನನ್ನು ನಾನು ಇವತ್ತಿಗೂ ಕಂಡಿಲ್ಲ.

ಮುಂದೊಂದು ರಜೆಯಲ್ಲಿ ಮಾಮಾ ಬಂದರು, ಹೊಳೆಗೂ ಹೋದೆವು, ಆದರೆ ಕಡ್ಡಿ ಎತ್ತಿಕೊಳ್ಳಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದೆ, ನನಗೆ ನನ್ನದೇ ಲೋಕ. ಮೇಲೆ ವಿಮಾನದ ಸದ್ದಾದರೆ ಮಾಮಾ ದನದ ಕೊಟ್ಟಿಗೆಯೊಳಗೆ ಹೋಗಿ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದರು. ದಿನಾ ನೋಡಿ ಬೇಸರ ಬಂದಿರಬೇಕು ಎಂದುಕೊಂಡೆ. ನಿವೃತ್ತರಾಗಿ ಬಂದು ಎಮ್ಮೆ ಕಟ್ಟಿದರು, ಡೇರಿಗೆ ಹಾಲು ಹಾಕತೊಡಗಿದರು. ಮರಳಿನ ಮೇಲಿನ ವಿಮಾನ ನನ್ನ ತಲೆಯಲ್ಲಿ ಮಾತ್ರ ಉಳಿಯಿತು.

ಅದು ತಲೆಯಲ್ಲಿದ್ದುದಕ್ಕೇ ಕೆಲವು ವರ್ಷಗಳ ಹಿಂದೆ ಯಲಹಂಕದ ವಿಮಾನ ಪ್ರದರ್ಶನಕ್ಕೆ ಹೊರಟೆ. ರಾಯಬಾಗ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗ ಮದುವೆಯ ಎರಡೂ ಕ್ಯಾಮೆರಾ, ಹೊಸದಾಗಿ ಕೊಂಡ ಉದ್ದ ಲೆನ್ಸು, ಹೆಂಡತಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ, ಮತ್ತು ಆ ಸೊಕ್ಕು, ಎಲ್ಲ ಜೊತೆಗಿದ್ದವು. ವಾಪಸು ಬರುವಾಗ ಸೊಕ್ಕು ಒಂದು ಬಿಟ್ಟು ಉಳಿದದ್ದೆಲ್ಲ ಇತ್ತು. ರೊಟ್ಟಿಯೂ ಮಿಕ್ಕಿತ್ತು, ಊಟದ ಕಡೆ ಮನಸ್ಸೇ ಹೋಗಿರಲಿಲ್ಲ.

ಮಾಡಿದ ತಪ್ಪುಗಳನ್ನು ಹೇಳುತ್ತ ಹೋದರೆ ನನಗೇ ನಗು ಬರುತ್ತದೆ. ಶರ್ಯತ್ತಿನಲ್ಲಿ ಒಳ್ಳೆಯ ಜಾಗ ಅಂದರೆ ಗೆಲುವಿನ ಗೆರೆಯಲ್ಲಿ ನಿಶಾನಿ ಬಾವುಟ ಹಿಡಿದವನು ನಿಂತ ಜಾಗ, ಜನ ಕಿಕ್ಕಿರಿದ ಜಾಗ. ಇಲ್ಲಿಯೂ ಜನ ಎಲ್ಲಿ ಹೆಚ್ಚೋ ಅಲ್ಲಿ ನುಗ್ಗಿ ನಿಂತೆ. ಬಿಸಿಲು ಸರಿಯಾಗಿ ಎದುರಿಗಿತ್ತು. ಬಂದ ವಿಮಾನಗಳೆಲ್ಲ ಕಪ್ಪಗಾಗಿ ಕಾಗೆಯಾದವು. ತಿಳಿ ಆಕಾಶದ ಬೆಳಕಿಗೆ ಕ್ಯಾಮೆರಾ ಮೋಸಹೋಗುತ್ತದೆ, ಅದಕ್ಕೆ ಕಿವಿ ಹಿಂಡಿ ಸ್ವಲ್ಪ ಹೆಚ್ಚು ಬೆಳಕು ತಗೋ ಎಂದು ಹೇಳಬೇಕು, ಅದು ನನಗೆ ಆಗ ಹೊಳೆಯಲಿಲ್ಲ. ಮದುವೆ ಮಂಟಪದಲ್ಲಿ ಲೈಟು ನನ್ನ ಮಾತು ಕೇಳುತ್ತಿತ್ತು, ಸೂರ್ಯನಿಗೆ ನಾನು ಯಾರೆಂದೇ ಗೊತ್ತಿಲ್ಲ. ಜೋರಾಗಿ ಬಂದ ವಿಮಾನದ ಬೆನ್ನು ಹತ್ತಿ ಬರೀ ತೋಳು ತಿರುಗಿಸಿದೆ, ಸೊಂಟ ತಿರುಗಲಿಲ್ಲ. ಫೋಟೋದಲ್ಲಿ ಬರೀ ಬಾಲ. ಮದುವಣಿಗನ ಫೋಟೋ ತೆಗೆಯಲು ಹೋಗಿ ಹಿಂದೆ ನಿಂತ ಬೀಗರ ರುಮಾಲು ತೆಗೆದುಕೊಂಡು ಬಂದ ಹಾಗಾಯಿತು.

ಎಲ್ಲಕ್ಕಿಂತ ದೊಡ್ಡ ತಪ್ಪು ಪಂಖದ ವಿಮಾನದ್ದು. ಮೂತಿಗೆ ಪಂಖವಿದ್ದ ಒಂದು ಚಂದದ ವಿಮಾನ ನಿಧಾನಕ್ಕೆ ನನ್ನೆದುರು ಹಾದುಹೋಯಿತು. ಇದೊಂದು ಸಿಕ್ಕಿತು ಎಂದು ಕುಣಿದೆ. ಚಿಕ್ಕೋಡಿಗೆ ಬಂದು ಬಸ್ ಸ್ಟ್ಯಾಂಡ್ ಎದುರಿನ ಚಹಾದ ಅಂಗಡಿಯಲ್ಲಿ ಗೆಳೆಯರಿಗೆ ತೋರಿಸಿದೆ. ಒಬ್ಬ ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದ.

"ಪಂಖಾ ಬಂದ್ ಐತಲ್ಲೋ. ಕರೆಂಟ್ ಹೋಗಿತ್ತೇನು?" ಅಂದ.

ನಿಜ. ಎತ್ತಿನ ಕಾಲು ನಿಲ್ಲಿಸುವ ನನ್ನ ಚಾಳಿ ಪಂಖವನ್ನೂ ನಿಲ್ಲಿಸಿಬಿಟ್ಟಿತ್ತು. ತಿರುಗುವ ಪಂಖದ ಒಂದೊಂದು ಎಲೆಯೂ ಎಣಿಸುವಷ್ಟು ಸ್ಪಷ್ಟ. ಆ ವಿಮಾನ ಹಾರುತ್ತಿರಲಿಲ್ಲ, ಯಾರೋ ದಾರದಿಂದ ಇಳಿಬಿಟ್ಟಂತಿತ್ತು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಆ ವಾರವೇ ಸದಲಗಾಕ್ಕೆ ಹೋದೆ. ಬೇರೆ ಯಾರಿಗೆ ಹೇಗೋ, ಮಾಮಾ ಆದರೂ ಮೆಚ್ಚಿಯಾರು ಎಂಬ ಆಸೆ. ಕಟ್ಟೆಯ ಮೇಲೆ ಕೂತು ಮೊಬೈಲು ಕೊಟ್ಟೆ. ಆಕಾಶದ ಫೋಟೋಗಳನ್ನು ನಿಧಾನಕ್ಕೆ ನೋಡಿದರು. ಕಾಗೆಗಳನ್ನೂ ಗುರುತು ಹಿಡಿದು ಒಂದೊಂದರ ಹೆಸರು ಹೇಳಿದರು. ನಡುವೆ ಒಂದು ಫೋಟೋ ಬಂತು, ಆಗತಾನೇ ನೆಲ ಬಿಟ್ಟ ವಿಮಾನ, ಗಾಲಿ ಇನ್ನೂ ಕೆಳಗಿದ್ದವು. ಮಾಮಾ ಮೊಬೈಲನ್ನು ನನ್ನ ತೊಡೆಯ ಮೇಲಿಟ್ಟು, ಎಮ್ಮೆಗೆ ನೀರು ತೋರಿಸಬೇಕು ಎಂದು ಎದ್ದರು. ಎಮ್ಮೆ ಆಗಲೇ ನೀರು ಕುಡಿದು ಮೆಲುಕು ಹಾಕುತ್ತ ಮಲಗಿತ್ತು.

ಒಳಗೆ ಹೋಗಿ ಮಾಮಿಯನ್ನು ಕೇಳಿದೆ. ಮಾಮಿ ಹಿಟ್ಟು ನಾದುತ್ತಿದ್ದರು. ನಾದುವುದನ್ನು ನಿಲ್ಲಿಸದೆ ಹೇಳಿದರು. ಬಹಳ ವರ್ಷಗಳ ಹಿಂದೆ ಮಾಮಾ ತಯಾರು ಮಾಡಿ ಕಳಿಸಿದ ವಿಮಾನವೊಂದರ ಒಂದು ಗಾಲಿ ಒಳಗೆ ಹೋಗಿತ್ತು, ಇನ್ನೊಂದು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಹೊರಗೂ ಬರಲಿಲ್ಲ, ಒಳಗೂ ಹೋಗಲಿಲ್ಲ. ಪೈಲಟ್ ಎಣ್ಣೆ ತೀರುವ ತನಕ ಮೇಲೆಯೇ ಸುತ್ತಿ, ಕಡೆಗೆ ಹೊಟ್ಟೆಯ ಮೇಲೆ ಇಳಿಸಿದ. ಅವನ ಜೀವ ಉಳಿಯಿತು, ಬೆನ್ನು ಮುರಿಯಿತು, ಮತ್ತೆಂದೂ ಹಾರಲಿಲ್ಲ. ತನಿಖೆಯಾಯಿತು. ಒಳಗಿನ ಕೊಳವೆಯೊಂದು ಒಡೆದಿತ್ತು, ಯಾರ ತಪ್ಪೂ ಅಲ್ಲ ಎಂದು ಬರೆದುಕೊಟ್ಟರು. ಆದರೂ ಅವತ್ತಿನಿಂದ ಮಾಮಾ ವಿಮಾನ ಏಳುವುದನ್ನು ನೋಡಿಲ್ಲ. ಅದಾದ ಮೇಲೂ ಎಷ್ಟೋ ವರ್ಷ ಅದೇ ಕೆಲಸ ಮಾಡಿದರು, ನೆಲ ನೋಡುತ್ತ ಮಾಡಿದರು. ಗಾಲಿ ಎಂಬ ಶಬ್ದವೂ ಮನೆಯಲ್ಲಿ ಬಂದಿಲ್ಲ, ಎತ್ತಿನ ಬಂಡಿಯ ಗಾಲಿಯನ್ನೂ ಅವರು "ಚಾಕ" ಎಂದು ಮರಾಠಿಯಲ್ಲಿ ಅನ್ನುತ್ತಾರೆ ಎಂದರು ಮಾಮಿ.

ಮರಳಿನ ಮೇಲೆ ಬರೆಯುವುದನ್ನು ಬಿಟ್ಟ ಆ ರಜೆಯನ್ನು ನೆನೆದು, ನಾನೆಂಥ ಕುರುಡ ಎಂದು ನನ್ನ ಮೇಲೇ ಸಿಟ್ಟು ಬಂತು.

ಸಂಜೆ ಬಸ್ಸಿಗೆ ಕಳಿಸಲು ಮಾಮಾ ಜೊತೆಗೆ ಬಂದರು. ಬಸ್ಸು ಬರುವ ತನಕ ಹಾಲಿನ ಮಾತು, ಮಳೆಯ ಮಾತು. ಬಸ್ಸು ಬಂದು ನಿಂತಾಗ, ಬೇರೆ ಕಡೆ ನೋಡುತ್ತ ಹೇಳಿದರು.

"ಮತ್ತ ಹ್ವಾದ್ರ ಗಾಲಿ ಒಳಗ ಹೋಗೂದ ತಗಿ. ಪೂರ್ತಿ ಒಳಗ ಹೋಗೂ ತನಾ. ನಾ ಒಮ್ಮಿ ನೋಡಬೇಕು."

ಅಷ್ಟೇ. ಕಂಡಕ್ಟರ್ ಸೀಟಿ ಊದಿದ. ಮುಂದಿನ ಪ್ರದರ್ಶನಕ್ಕೆ ಎರಡು ವರ್ಷವಿತ್ತು, ಮತ್ತು ನನಗೆ ಮೊದಲ ಸಲ ಒಂದು ಫೋಟೋದ ಹೆದರಿಕೆ ಹತ್ತಿತು. ಮದುವೆಯಲ್ಲಿ ಅಕ್ಷತೆಯ ಹೊತ್ತು ತಪ್ಪಿದರೆ ಮತ್ತೊಮ್ಮೆ ಅಕ್ಕಿಕಾಳು ಹಾಕಿಸಿ ತೆಗೆದಿದ್ದೇನೆ, ಯಾರಿಗೂ ಗೊತ್ತಾಗಿಲ್ಲ. ವಿಮಾನದ ಗಾಲಿ ನನ್ನ ಸಲುವಾಗಿ ಎರಡನೆಯ ಸಲ ಒಳಗೆ ಹೋಗುವುದಿಲ್ಲ.

ಆ ಎರಡು ವರ್ಷಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ನಲವತ್ತು ದಾಟಿದ ಮೇಲೆ ಮತ್ತೆ ಕಲಿಯಲು ಕೂತ ಸುಖವೇ ಬೇರೆ. ಮೊದಲು ಶರ್ಯತ್ತಿನಲ್ಲೇ ಶಟರಿನ ಓಟ ಕಡಿಮೆ ಮಾಡಿದೆ. ಎತ್ತಿನ ಕಣ್ಣು ಚೊಕ್ಕ ಬರಬೇಕು, ಹಿಂದಿನ ಜನ ಗೀಟು ಗೀಟಾಗಿ ಹರಿಯಬೇಕು, ಬಂಡಿಯ ಗಾಲಿ ತಿರುಗಿದ್ದು ಕಾಣಬೇಕು. ಮೊದಮೊದಲು ಎಲ್ಲವೂ ಕಲಸಿದ ಹಿಟ್ಟು. ಐಗಳಿಯ ಒಬ್ಬ ಮಾಲಕ ತನ್ನ ಎತ್ತು ಮಂಜಿನಲ್ಲಿ ಕಳೆದುಹೋಗಿದೆ ಎಂದು ಜಗಳ ತೆಗೆದ, ನಾಲ್ಕು ಮಂದಿಯ ಎದುರು ನನ್ನ ಮಾನ ಕಳೆದ. ಅವನಿಗೆ ಹಳೆಯ ಪದ್ಧತಿಯ ಫೋಟೋ ತೆಗೆದುಕೊಟ್ಟು ಬಾಯಿ ಮುಚ್ಚಿಸಿದೆ. ಆದರೆ ಹಾಳಾದ ಆ ರಾಶಿಯಲ್ಲಿ ಒಂದು ಫೋಟೋದಲ್ಲಿ ಗಾಲಿಯ ಅರೆಗಳು ಕರಗಿ, ಗಾಲಿ ಗಿರಗಿರನೆ ತಿರುಗುತ್ತಿತ್ತು. ಅವತ್ತು ಐಗಳಿಯಿಂದ ಚಿಕ್ಕೋಡಿಯ ತನಕ ಸೀಟಿ ಹೊಡೆಯುತ್ತ ಬಂದೆ.

ನಿಪ್ಪಾಣಿಯ ಹೆದ್ದಾರಿ ದಂಡೆಯಲ್ಲಿ ನಿಂತು ಬೈಕುಗಳ ಮೇಲೆ ಕೈ ಸಾಧಿಸಿದೆ. ಕಾಲು ಎಲ್ಲಿ ನೆಡಬೇಕು ಎಂಬುದು ಅಲ್ಲಿ ತಿಳಿಯಿತು. ಬೈಕು ಬರುವ ಕಡೆಗಲ್ಲ, ಅದು ಹೋಗಿ ಮುಟ್ಟುವ ಕಡೆಗೆ ಪಾದ ಮಾಡಿ ನಿಂತು, ಸೊಂಟದಿಂದ ಹಿಂದಕ್ಕೆ ತಿರುಗಿ ಅದನ್ನು ಹಿಡಿಯಬೇಕು. ಆಮೇಲೆ ಮೈ ತಾನಾಗಿ ಬಿಚ್ಚಿಕೊಳ್ಳುತ್ತ ಬರುತ್ತದೆ. ಗುಂಡಿ ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು. ಉಗಾರದ ಕಡೆ ಕಬ್ಬು ಕಡಿದ ಹೊಲದಲ್ಲಿ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳು ಏಳುವಾಗ, ತಿಳಿ ಆಕಾಶದಲ್ಲಿ ಬಿಳಿ ರೆಕ್ಕೆಗೆ ಎಷ್ಟು ಬೆಳಕು ಬೇಕು ಎಂದು ಪರೀಕ್ಷೆ ಮಾಡಿದೆ. ಹಕ್ಕಿಯ ಮೂತಿಯ ಮುಂದೆ ಅದು ಹೋಗಲಿಕ್ಕೆ ಜಾಗ ಬಿಡಬೇಕು, ಇಲ್ಲದಿದ್ದರೆ ಗೋಡೆಗೆ ಢಿಕ್ಕಿ ಹೊಡೆದ ಹಾಗೆ ಕಾಣುತ್ತದೆ. ಮನೆಯಲ್ಲೂ ಕ್ಯಾಮೆರಾ ಹಿಡಿದು ಸೊಂಟ ತಿರುಗಿಸುತ್ತ ನಿಲ್ಲುತ್ತಿದ್ದೆ. ಲಗ್ನವಾದ ಹೊಸದರಲ್ಲಿ ನನ್ನ ಕಡೆ ಇಷ್ಟು ಸಲ ತಿರುಗಿ ನೋಡಿದ್ದರೆ ಎಷ್ಟು ಚಂದವಿರುತ್ತಿತ್ತು ಎಂದು ಹೆಂಡತಿ ಒಗ್ಗರಣೆ ಹಾಕುತ್ತಲೇ ಅಂದಳು.

ಎರಡನೆಯ ಸಲ ಹೊರಟಾಗ ಮಾಮಾ ತಾವೂ ಬರುತ್ತೇನೆ ಎಂದರು. ನಾನು ನಂಬಲಿಲ್ಲ. ರಾಯಬಾಗ ಸ್ಟೇಷನ್ನಿನಲ್ಲಿ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಲಿಶ್ ಮಾಡಿದ ಬೂಟು, ಮುಂಗೈಯ ಒಳಗೆ ಗಡಿಯಾರ. ಎಮ್ಮೆಯ ಮನುಷ್ಯ ಹಿಂದೆ ಸರಿದು, ಕರಿ ಟ್ರಂಕಿನ ಮನುಷ್ಯ ಬಂದು ನಿಂತಿದ್ದರು.

ಈ ಸಲ ಗದ್ದಲದ ಕಡೆ ಹೋಗಲಿಲ್ಲ. ಮಾಮಾ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿ, ವಿಮಾನಗಳು ನೆಲ ಬಿಡುವ ಅಂದಾಜಿನ ಕಡೆಗೆ ಬೇಲಿಗುಂಟ ನನ್ನನ್ನು ನಡೆಸಿಕೊಂಡು ಹೋದರು. ಬೆಳಗಿನ ಬಿಸಿಲು ಬೆನ್ನಿಗಿತ್ತು. ಹೊತ್ತೇರಿದ ಮೇಲೆ ಕಾದ ನೆಲದಿಂದ ಝಳ ಎದ್ದು, ದೂರದ ವಿಮಾನವೆಲ್ಲ ನೀರಲ್ಲಿ ಅಲುಗಾಡಿದ ಹಾಗೆ ಕಾಣುತ್ತದೆ, ಅದಕ್ಕೆ ಮೊದಲೇ ಕೆಲಸ ಮುಗಿಯಬೇಕು. ಬಂದದ್ದಕ್ಕೆಲ್ಲ ಗುಂಡಿ ಒತ್ತುವ ಹಳೆಯ ಆಸೆಯನ್ನು ಅದುಮಿಕೊಂಡೆ. ಪಾದ ನೆಟ್ಟೆ. ಬರುವುದು ಸಣ್ಣ ಜೆಟ್ ವಿಮಾನ, ಅದಕ್ಕೆ ತಿರುಗುವ ಪಂಖ ಇಲ್ಲ. ಹಾಗಾಗಿ ಎತ್ತಿನವರು ಕಲಿಸಿದ ಜೋರಿನ ಶಟರು ಇಲ್ಲಿ ಸರಿಹೋಯಿತು. ಒಂದರ ಹಿಂದೊಂದು ಚಿತ್ರಗಳು ಓಡುವಂತೆ ಕ್ಯಾಮೆರಾ ಇಟ್ಟುಕೊಂಡೆ.

ವಿಮಾನ ಓಡಿ ಬಂತು. ಸದ್ದು ಎದೆಗೆ ಬಡಿಯಿತು. ಮಗ್ಗುಲಲ್ಲಿ ಮಾಮಾ ನನ್ನ ಬ್ಯಾಗಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಹೆಗಲಿಗೆ ತಿಳಿಯಿತು. ಮೂತಿ ಎದ್ದಿತು, ನೆಲ ಬಿಟ್ಟಿತು, ನಾನು ಬೆರಳು ಊರಿದೆ, ವಿಮಾನ ನನ್ನ ಕಣ್ಣಿನಲ್ಲಿ ಅಲುಗದೆ ನಿಂತಿತ್ತು, ಅದರ ಹಿಂದೆ ಲೋಕವೇ ಓಡುತ್ತಿತ್ತು. ಗಾಲಿ ಮಡಚಿದವು. ಕ್ಯಾಮೆರಾ ಇಳಿಸಿ ನೋಡಿದರೆ ಮಾಮಾ ತಮ್ಮ ಬೂಟು ನೋಡುತ್ತ ನಿಂತಿದ್ದರು.

ಸಿಕ್ಕಿತೇನು ಎಂದು ಕೇಳಿದರು. ಸಿಕ್ಕಿತ್ರಿ ಎಂದೆ. ತೋರಿಸಲು ಹೋದೆ, ಇರಲಿ, ಊರಲ್ಲಿ ನೋಡೋಣ ಎಂದರು. ರೈಲಿನಲ್ಲಿ ಕೇಳಿದೆ, ಕನ್ನಡಕ ಟ್ರಂಕಿನಲ್ಲಿದೆ ಎಂದರು, ಅದು ಅವರ ಕಿಸೆಯಲ್ಲೇ ಇತ್ತು. ಊರಿಗೆ ಬಂದ ಮೇಲೆ ಪ್ರತಿ ಸಲ ಒಂದೊಂದು ನೆವ. ಎಮ್ಮೆ ಈಯಬೇಕು, ಡೇರಿಗೆ ಹೊತ್ತಾಯಿತು, ಕಣ್ಣು ಉರಿಯುತ್ತಿದೆ. ತಾವೇ ಬಾಯಿ ಬಿಟ್ಟು ಕೇಳಿದ ಫೋಟೋವನ್ನು ತಾವೇ ದೂರ ತಳ್ಳುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಅನ್ನುತ್ತಿತ್ತು. ಹೀಗೇ ಬಿಟ್ಟರೆ ಇವರು ಎಂದೂ ನೋಡುವುದಿಲ್ಲ ಎಂದು ಒಂದು ದಿನ ಮಾಮಿ ನನಗೆ ಫೋನು ಮಾಡಿದರು. ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿಕೊಂಡು ಬಾ, ಎದುರಿಗೆ ಹಿಡಿದರೆ ಎಲ್ಲಿ ಓಡುತ್ತಾರೆ ನೋಡೋಣ ಎಂದರು.

ಗಾಲಿ ಅರ್ಧ ಮಡಚಿದ್ದ ಒಂದು ಚಿತ್ರ ಆರಿಸಿದೆ. ಹೊಟ್ಟೆಯ ಬಾಗಿಲು ತೆರೆದು ಒಳಗಿನ ಸರಳುಗಳೂ ಕಾಣುತ್ತಿದ್ದವು. ಅದನ್ನು ನಿಪ್ಪಾಣಿಯಲ್ಲಿ ನಮ್ಮ ಮದುವೆ ಆಲ್ಬಮ್ ಮಾಡುವ ಭಾಯಿಗೆ ಕಳಿಸಿದೆ. ಭಾಯಿಯ ಅಪ್ಪ ಹಿಂದೆ ಸ್ಟುಡಿಯೋಗಳಿಗೆ ತಾಜಮಹಲು, ಕಾರಂಜಿ ಬರೆದ ಪರದೆಗಳನ್ನು ಮಾಡಿಕೊಡುತ್ತಿದ್ದರು. ಮಗ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತಾನೆ. ಮದುಮಗಳ ಮೊಡವೆ, ಮಂಟಪದ ಮೇಲಿನ ಕರೆಂಟಿನ ತಂತಿ, ಊಟಕ್ಕೆ ಅವಸರ ಮಾಡುವ ಬೀಗರ ಕೈ, ಯಾವುದೂ ಅವನ ಕಣ್ಣಿಂದ ತಪ್ಪಿಸಿಕೊಳ್ಳುವುದಿಲ್ಲ. ಅವನ ಕೈಯಿಂದ ಬಂದ ಮೇಲೆ ನಮ್ಮ ಸೀಮೆಯ ಮದುವೆಗಳಿಗೆಲ್ಲ ಹಿಂದೊಂದು ಜಲಪಾತ ಇರುತ್ತದೆ. ನನಗೆ ಲಗ್ನದ ಸುಗ್ಗಿ, ಮೈತುಂಬ ಕೆಲಸ. ಚೌಕಟ್ಟು ಹಾಕಿ ಕಾಗದ ಸುತ್ತಿಟ್ಟದ್ದನ್ನು ಬಿಚ್ಚಿಯೂ ನೋಡದೆ ತೆಗೆದುಕೊಂಡು, ಒಂದು ಭಾನುವಾರ ಸದಲಗಾಕ್ಕೆ ಹೋದೆ. ಅಲ್ಲಿಂದ ಹಾಗೇ ಒಂದು ತೊಟ್ಟಿಲಿಗೆ ಹೋಗಬೇಕಿತ್ತು, ಕ್ಯಾಮೆರಾ ಹೆಗಲಲ್ಲೇ ಇತ್ತು.

ಪಡಸಾಲೆಯಲ್ಲಿ ಮಾಮಾನನ್ನು ಕೂರಿಸಿ, ಮಾಮಿಯೇ ಕಾಗದ ಹರಿದು ಎದುರಿಗೆ ಹಿಡಿದರು. ಮಾಮಾ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ತೆರೆದರು. ನಾನೂ ಆಗಲೇ ಮೊದಲು ನೋಡಿದ್ದು.

ಆಕಾಶ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮೂಲೆಯಲ್ಲಿ ಎರಡು ಹಕ್ಕಿ. ನಡುವೆ ನನ್ನ ವಿಮಾನ, ಹೊಟ್ಟೆ ಬೆಣ್ಣೆಯ ಹಾಗೆ ನುಣ್ಣಗೆ. ಗಾಲಿ ಇರಲೇ ಇಲ್ಲ.

ಏನೋ ತೊದಲುತ್ತ ಭಾಯಿಗೆ ಫೋನು ಹಚ್ಚಿದೆ. ಅವನು ಹೆಮ್ಮೆಯಿಂದಲೇ ಮಾತಾಡಿದ. ಮೇಲೆ ಹಾರುವಾಗ ಕಾಲು ಜೋತುಬಿದ್ದಿದ್ದವು ದಾದಾ, ಹೊಟ್ಟೆಯೂ ಹರಿದ ಹಾಗೆ ಕಾಣುತ್ತಿತ್ತು, ಹಿರಿಯರ ಮನೆಗೆ ಹೋಗುವ ಫೋಟೋ ಎಂದು ಚೊಕ್ಕ ಮಾಡಿದೆ ಎಂದ. ಅವನ ಮಾತು ಪಡಸಾಲೆಗೆಲ್ಲ ಕೇಳಿಸಿತು. ನಾನು ಫೋನು ಇಟ್ಟು, ಮಾಮಾನ ಮುಖ ನೋಡಲು ಧೈರ್ಯವಾಗದೆ ನೆಲ ನೋಡಿದೆ. ಇಷ್ಟು ವರ್ಷಕ್ಕೆ ಒಂದು ಸಲ ಕಣ್ಣು ತೆರೆದ ಮನುಷ್ಯನಿಗೆ ನಾನು ತೋರಿಸಿದ್ದು ಇದನ್ನು.

ಮಾಮಾ ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡರು. ಬಗ್ಗಿ, ಗಾಲಿ ಇರಬೇಕಾದ ಜಾಗದಲ್ಲಿ ಉಗುರಿನಿಂದ ಗೀರಿ ನೋಡಿದರು. ಅವರ ಮುಖ ಕೆಂಪಗಾಗುತ್ತ ಬಂತು.

"ಗಾಲಿ ಕಿತ್ತ ಒಗದಾನಲ್ಲ ಮಗಾ. ಇದು ಇಳಿಯೂದ ಹ್ಯಾಂಗ? ಒಳಗ ಮನಷ್ಯಾ ಕುಂತಾನ."

ಮಾಮಿ ನನ್ನ ಕಡೆ ನೋಡಿದರು. ಗಾಲಿ ಎಂಬ ಶಬ್ದ ಈ ಮನೆಯೊಳಗೆ ಕೇಳಿ ಎಷ್ಟು ವರ್ಷವಾಗಿತ್ತೋ. ಮಾಮಾ ನಿಲ್ಲಿಸಲಿಲ್ಲ. ಬಾಗಿಲಿಲ್ಲ, ಸರಳಿಲ್ಲ, ಬ್ರೇಕಿನ ಕೊಳವೆಯಿಲ್ಲ, ಇದು ವಿಮಾನವೋ ಸೌತೆಕಾಯಿಯೋ ಎಂದು ಬೈದರು. ಭಾಯಿಗೆ ಬೈದರು, ನೋಡದೆ ತಂದ ನನಗೆ ಬೈದರು, ಆ ಎರಡು ಹಕ್ಕಿಗಳಿಗೂ ಬೈದರು. ವಿಮಾನ ಏಳುವ ಜಾಗದಲ್ಲಿ ಹಕ್ಕಿ ಬಿಡುತ್ತಾರೆಯೇ ಯಾರಾದರೂ. ಮರಳಿನ ಮೇಲೆ ಬಗ್ಗಿ ಬರೆಯುತ್ತಿದ್ದ ಮನುಷ್ಯ ಅದೇ ಹುರುಪಿನಿಂದ ಸಿಟ್ಟು ಮಾಡುತ್ತಿದ್ದರು. ಬೈಸಿಕೊಳ್ಳುತ್ತ ನನಗೆ ಕಣ್ಣು ತುಂಬಿ ಬಂದವು. ಕಡೆಗೆ ಕೈ ಚಾಚಿದರು.

"ಖರೇದ ತೋರಸು."

ಆ ದಿನದ ಕಾರ್ಡನ್ನು ನಾನು ಅಳಿಸದೆ ಬ್ಯಾಗಿನ ಸಣ್ಣ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಕ್ಯಾಮೆರಾಕ್ಕೆ ಹಾಕಿ, ಮೊದಲ ಚಿತ್ರ ತೆಗೆದು ಅವರ ಕೈಗೆ ಕೊಟ್ಟೆ. ಹೆಬ್ಬೆರಳಿನ ಕೆಳಗಿನ ಸಣ್ಣ ತಿರುಗಣಿ ತೋರಿಸಿದೆ, ಇದನ್ನು ತಿರುಗಿಸಿದ ಹಾಗೆ ಒಂದೊಂದೇ ಮುಂದೆ ಹೋಗುತ್ತದೆ ಎಂದೆ.

ಮಾಮಾ ತಿರುಗಿಸಿದರು. ಗಾಲಿ ನೆಲದಿಂದ ಗೇಣುದ್ದ ಮೇಲೆ. ತಿರುಗಿಸಿದರು. ಬಾಗಿಲು ತೆರೆಯಿತು. ಗಾಲಿ ವಾರೆಯಾದವು, ಇನ್ನಷ್ಟು ವಾರೆಯಾದವು. ಮುಂದಿನ ಚಿತ್ರದಲ್ಲಿ ಒಂದು ಗಾಲಿ ಒಳಗೆ ಹೋಗಿತ್ತು, ಇನ್ನೊಂದು ಇನ್ನೂ ಅರ್ಧ ಹೊರಗಿತ್ತು. ಎರಡೂ ಒಟ್ಟಿಗೆ ಹೋಗುವುದಿಲ್ಲ, ಕೂದಲೆಳೆಯಷ್ಟು ಹಿಂದುಮುಂದು ಇರುತ್ತದೆ ಎಂದು ಅವರೇ ನನಗೆ ಚಿಕ್ಕವನಿದ್ದಾಗ ಹೇಳಿದ್ದರು. ಆದರೂ ಅಲ್ಲಿ ಅವರ ಹೆಬ್ಬೆರಳು ನಿಂತಿತು. ನಿಂತೇ ಇತ್ತು. ಮುಂದೆ ಇನ್ನೂ ಚಿತ್ರಗಳಿವೆ ಮಾಮಾ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ.

ಬೆರಳು ಅಲುಗಿತು. ಎರಡನೆಯ ಗಾಲಿಯೂ ಒಳಗೆ ಹೋಯಿತು. ಇನ್ನೊಂದು ಚಿತ್ರ, ಬಾಗಿಲು ಮುಚ್ಚುತ್ತಿತ್ತು. ಇನ್ನೊಂದು, ಮುಚ್ಚಿತ್ತು. ಬಾಗಿಲಿನ ಗೆರೆಗಳು ಮಾತ್ರ ತೆಳ್ಳಗೆ ಕಾಣುತ್ತಿದ್ದವು. ಮಾಮಾ ಆ ಗೆರೆಗಳ ಮೇಲೆ ಬೆರಳು ಆಡಿಸಿದರು.

ಆಮೇಲೆ ಮಾತಾಡಿದರು. ನನಗಲ್ಲ, ಕೈಯಲ್ಲಿದ್ದ ಕ್ಯಾಮೆರಾಕ್ಕೆ ಹೇಳಿದ ಹಾಗೆ ನಿಧಾನಕ್ಕೆ ಹೇಳಿದರು. ವಿಮಾನ ತಯಾರು ಮಾಡಿ ಕಳಿಸಿದವನು ಅದರ ಗಾಲಿ ಒಳಗೆ ಹೋಗುವ ತನಕ ನಿಂತು ನೋಡುವುದು ಅವರಲ್ಲಿ ರೂಢಿ. ಯಾರೂ ಹುಕುಂ ಮಾಡಿದ್ದಲ್ಲ, ಹಿಂದಿನಿಂದ ನಡೆದು ಬಂದದ್ದು. ಪೈಲಟ್‌ಗೆ ತನ್ನ ಗಾಲಿ ಕಾಣುವುದಿಲ್ಲ, ಗಾಲಿ ಒಳಗೆ ಹೋಯಿತೆಂದು ಹೇಳುವ ಎದುರಿನ ದೀಪಗಳಷ್ಟೇ ಕಾಣುತ್ತವೆ. ಗಾಲಿಯನ್ನು ಕಣ್ಣಾರೆ ನೋಡುವವನು ಕೆಳಗೆ ನಿಂತವನು ಒಬ್ಬನೇ. ಅವತ್ತು ಚಹಾ ಬಂದಿತ್ತು, ತಣ್ಣಗಾಗುತ್ತದೆ ಎಂದು ಯಾರೋ ಕರೆದರು. ಮಾಮಾ ಬೆನ್ನು ತಿರುಗಿಸಿದ್ದರು.

ಮಾಮಿಗೂ ಇದು ಗೊತ್ತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು.

ನಾನು ತಡೆಯಲಾರದೆ, ನೋಡಿದ್ದರೂ ಏನಾಗುತ್ತಿತ್ತು ಮಾಮಾ, ಕೊಳವೆ ಒಡೆದದ್ದು ಒಡೆಯುತ್ತಲೇ ಇತ್ತಲ್ಲ ಎಂದೆ.

"ನನಗೂ ಗೊತ್ತೈತಿ. ಗಾಲಿ ಸಿಗಬೀಳೂದು ಸಿಗಬೀಳತಿತ್ತು. ಆದ್ರ ಮ್ಯಾಲ ಪೈಲಟ್ ಒಬ್ಬರ ಇರತಿದ್ದಿಲ್ಲ. ಕೆಳಗ ಒಬ್ಬಾಂವ ನೋಡಾಂವ ಇರತಿದ್ದ."

ಮಾಮಿ ಸೆರಗಿನಿಂದ ಕೈ ಒರೆಸಿಕೊಂಡು ಬಂದು, ಮಾಮಾನ ಮಗ್ಗುಲಿಗೆ ಚಾಪೆಯ ಮೇಲೆ ಕೂತರು. ನನಗೂ ತೋರಿಸಿ ಎಂದರು. ಮಾಮಾ ತಿರುಗಣಿಯನ್ನು ಹಿಂದಕ್ಕೆ ಹಿಂದಕ್ಕೆ ತಿರುಗಿಸಿ, ಗಾಲಿ ಇನ್ನೂ ನೆಲದ ಹತ್ತಿರವೇ ಇದ್ದ ಮೊದಲ ಚಿತ್ರಕ್ಕೆ ಹೋದರು. ಕ್ಯಾಮೆರಾವನ್ನು ಇಬ್ಬರ ನಡುವೆ ಹಿಡಿದು, "ಈಗ ನೋಡ" ಎಂದರು.